ಸೋತ ಡೆಕ್‌ಗಳ ಲೆಕ್ಕ ಎಲ್ಲಿ?

ಟಾಪ್ 8 ಪಟ್ಟಿ ನೋಡಿ ‘ಇದೇ ಬೆಸ್ಟ್ ಡೆಕ್’ ಅಂತ ತೀರ್ಪು ಕೊಡೋರೇ, ಅದೇ ಡೆಕ್ ತಂದು ಸೋತವರೆಷ್ಟು? ನಮ್ಮೂರ ಟ್ಯೂಷನ್ನಿನ ಫ್ಲೆಕ್ಸಲ್ಲೂ ಪಾಸಾದವರ ಫೋಟೋ ಮಾತ್ರ ಇರ್ತಿತ್ತು.

2016ರ ಫೆಬ್ರವರಿ, ಅಟ್ಲಾಂಟಾದಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದ ಪ್ರೊ ಟೂರ್. ಟಾಪ್ 8ರಲ್ಲಿ 6 ಎಲ್ಡ್ರಾಜಿ ಡೆಕ್! ಬೆಚ್ಚಬೇಕಾದ್ದು ಆರಕ್ಕಲ್ಲ, ಅದನ್ನು ತಂದವರೇ ಕಮ್ಮಿ ಇದ್ದರು ಅನ್ನೋದಕ್ಕೆ. ಏಪ್ರಿಲಲ್ಲಿ ‘ಐ ಆಫ್ ಯೂಗಿನ್’ ಕಾರ್ಡನ್ನೇ ಬ್ಯಾನ್ ಮಾಡಿದರು. ಅರ್ಧ ಜನ ತಂದ ಡೆಕ್ಕು ಟಾಪ್ 8ರಲ್ಲಿ ಅರ್ಧ ಇದ್ದರೆ ಏನು ವಿಶೇಷ ಸ್ವಾಮಿ?

ಇನ್ನು ಅಲ್ಲಿನ 16 ಸುತ್ತಲ್ಲಿ 6 ಡ್ರಾಫ್ಟ್. ಆಗ ಮನೆಯಿಂದ ತಂದ ಡೆಕ್ಕು ಚೀಲದಲ್ಲೇ ಇರುತ್ತೆ, ಅಲ್ಲೇ ಒಡೆದ ಪ್ಯಾಕಿನ ಕಾರ್ಡಲ್ಲೇ ಆಟ. ಆ ಗೆಲುವನ್ನೂ ಡೆಕ್ಕಿನ ಖಾತೆಗೇ ಬರೆದು ‘ವಿಶ್ಲೇಷಣೆ’ ಅಂತೀರಲ್ಲ! ಆಫೀಸಲ್ಲಿ ಇಂಥ ಡೇಟಾ ಒಯ್ದರೆ ನನ್ನ ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚು ಅಂತಾರೆ.