ಸರಾಸರಿ ಆದಾಯವೂ ವಠಾರದ ಬಾಡಿಗೆಯೂ

ಕರ್ನಾಟಕದ ತಲಾ ಆದಾಯ 2024-25ರಲ್ಲಿ, ಪ್ರಚಲಿತ ಬೆಲೆಗಳ ಲೆಕ್ಕದಲ್ಲಿ, ಸುಮಾರು 3.80 ಲಕ್ಷ ರೂಪಾಯಿ ಎಂದು ಅಂದಾಜಿಸಲಾಗಿದೆ. ದೊಡ್ಡ ರಾಜ್ಯಗಳ ಸಾಲಿನಲ್ಲಿ ಇದು ಮುಂಚೂಣಿಯ ಸ್ಥಾನ. ನಾಲ್ವರ ಕುಟುಂಬಕ್ಕೆ ಇದನ್ನು ಅನ್ವಯಿಸಿದರೆ ತಿಂಗಳ ವರಮಾನ ಒಂದೂಕಾಲು ಲಕ್ಷ ರೂಪಾಯಿಯನ್ನು ಮೀರುತ್ತದೆ. ಅದೇ ರಾಜ್ಯದಲ್ಲಿ 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ನೂರು ದಿನವೂ ಕೆಲಸ ಸಿಕ್ಕಿತೆಂದೇ ಇಟ್ಟುಕೊಂಡರೂ ಒಂದು ಮನೆಗೆ ಇದರಿಂದ ವರ್ಷಕ್ಕೆ ಬರುವುದು 37 ಸಾವಿರ.

ತಲಾ ಆದಾಯವೆಂದರೆ ವೇತನವಲ್ಲ. ಲಾಭ, ಬಡ್ಡಿ, ಬಾಡಿಗೆ ಎಲ್ಲವೂ ಅದರೊಳಗಿವೆ. ಜೊತೆಗೆ, ರಾಜ್ಯದ ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಬೆಂಗಳೂರು ನಗರ ಜಿಲ್ಲೆಯೊಂದೇ ಕೊಡುತ್ತದೆ. ಇದು ಅರ್ಥಶಾಸ್ತ್ರದ ಮೊದಲ ಪಾಠ. ಆದರೂ ಬಜೆಟ್ ಭಾಷಣಗಳಲ್ಲಿ ಸರಾಸರಿಯೇ ಸಾಧನೆಯಾಗಿ ಮೆರೆಯುತ್ತದೆ.

ದುಡಿಯುವವನ ಸಂಸಾರಕ್ಕೆ ಎಷ್ಟು ಬೇಕು ಎಂಬುದನ್ನು ಈ ದೇಶ ಲೆಕ್ಕ ಹಾಕದೆ ಬಿಟ್ಟಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ತಲೆಗೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಎಂದು ಬಾಬುವಾರು ಅಳತೆ ನಿಗದಿಪಡಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಮುಪ್ಪಿನ ಆಸರೆ ಮೊದಲಾದವುಗಳಿಗೆ ಶೇ 25ರಷ್ಟನ್ನು ಸೇರಿಸಬೇಕೆಂದಿತು. ಅಳತೆಗೋಲು ಇದೆ, ಅದನ್ನು ಹಿಡಿದು ಅಳೆಯುವ ಮನಸ್ಸಿಲ್ಲ.

ಬೆಲೆ ಏರಿದಂತೆ ಕೂಲಿಯೂ ಏರಲೆಂದೇ ತುಟ್ಟಿಭತ್ಯೆ ಇರುವುದು. ಅದರ ಗತಿ ಏನಾಯಿತೆಂಬುದನ್ನು 2020ರಲ್ಲಿ ಕಂಡೆವು. ಬಹುಪಾಲು ಹೆಂಗಸರೇ ದುಡಿಯುವ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಆ ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 417 ರೂಪಾಯಿ ಹೆಚ್ಚಬೇಕಿತ್ತು. ಕೋವಿಡ್ ಕಾರಣವೊಡ್ಡಿ ಸರ್ಕಾರ ಅದನ್ನು ಮುಂದೂಡಿತು. ಆ ಆದೇಶಕ್ಕೆ ಹೈಕೋರ್ಟ್ ತಡೆ ನೀಡಿದ ಮೇಲೂ ಹಲವು ಕಾರ್ಖಾನೆಗಳು ಹಣ ಬಿಚ್ಚಲಿಲ್ಲ. ಬಾಕಿ ಕೊಡಲು ಒಪ್ಪಿಗೆ ದೊರೆಯುವ ವೇಳೆಗೆ 2022 ಬಂದಿತ್ತು. ನಮ್ಮಂಥವರ ಮನೆಗಳಲ್ಲಿ 417 ರೂಪಾಯಿ ಒಂದು ಸಂಜೆಯ ಹೋಟೆಲ್ ಬಿಲ್ಲಿಗೂ ಸಾಲದು. ಅದಕ್ಕಾಗಿ ಲಕ್ಷಾಂತರ ಹೆಂಗಸರು ಎರಡು ವರ್ಷ ಕಾಯಬೇಕಾಯಿತು.

ಖರ್ಚಿನ ಬಾಬುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಬಾಡಿಗೆ. 2016ನ್ನು ಮೂಲ ವರ್ಷವಾಗಿಸಿಕೊಂಡ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ವಸತಿಯ ತೂಕ ಶೇ 17ಕ್ಕೂ ಕಡಿಮೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ವಠಾರದ ಒಂದು ಕೋಣೆ ಹಿಡಿದವಳ ಸಂಬಳದಲ್ಲಿ ಬಾಡಿಗೆ ಅಷ್ಟಕ್ಕೇ ನಿಲ್ಲುವುದೆಂದು ನಾನು ನಂಬಲಾರೆ. ಮುಂಗಡವಾಗಿ ಹಲವು ತಿಂಗಳ ಬಾಡಿಗೆ ಎಣಿಸಬೇಕಾದ ರೂಢಿ ಬೇರೆ. ಆ ಮುಂಗಡಕ್ಕೆ ಮಾಡಿದ ಸಾಲದ ಬಡ್ಡಿ ಯಾವ ಸೂಚ್ಯಂಕಕ್ಕೂ ಕಾಣದು.

ಹಾಗೆಂದು ಬೆಂಗಳೂರಿನಾಚೆ ಬದುಕು ಅಗ್ಗವೆಂದು ವಲಯವಾರು ಕಡಿಮೆ ಕೂಲಿ ನಿಗದಿಪಡಿಸುವ ವಾದವೂ ಪೂರ್ತಿ ನಿಲ್ಲುವುದಿಲ್ಲ. ಕಲಬುರಗಿಯಲ್ಲಿ ಬಾಡಿಗೆ ಕಡಿಮೆ ಇರಬಹುದು. ಗ್ಯಾಸ್ ಸಿಲಿಂಡರು, ಅಡುಗೆ ಎಣ್ಣೆ, ಮಾತ್ರೆಗಳು ಅಲ್ಲಿ ಅಗ್ಗವೇನಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದ್ದು ರಾಜ್ಯಕ್ಕೆಲ್ಲ.

ಹೆಚ್ಚು ಕೂಲಿ ಕೊಟ್ಟರೆ ಕಾರ್ಖಾನೆಗಳು ನೆರೆರಾಜ್ಯಕ್ಕೆ ಹೋಗುತ್ತವೆ ಎಂಬ ಮಾಲೀಕರ ಆತಂಕವನ್ನು ತಳ್ಳಿಹಾಕಲಾಗದು. ವಿದೇಶಿ ಖರೀದಿದಾರರು ಅಂಗಿಯೊಂದಕ್ಕೆ ಪೈಸೆ ಪೈಸೆ ಚೌಕಾಸಿ ಮಾಡುವುದು ನಿಜ. ಆದರೆ ಈ ಚೌಕಾಸಿಯ ಕೊರತೆಯನ್ನು ಈಗ ತುಂಬುತ್ತಿರುವವರು ಯಾರು? 2023ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು, ಗೃಹಲಕ್ಷ್ಮಿಯ 2 ಸಾವಿರ ರೂಪಾಯಿ ಅನೇಕ ಮನೆಗಳಿಗೆ ಉಸಿರಾಡಲು ಬಿಟ್ಟಿವೆ. ನಾನು ಅವುಗಳ ವಿರೋಧಿಯಲ್ಲ. ಆದರೆ ಕಾರ್ಖಾನೆ ಕೊಡಬೇಕಾದ ಕೂಲಿಯ ಒಂದು ಭಾಗವನ್ನು ಬೊಕ್ಕಸ ಕೊಡುವಂತಾದರೆ ನೆರವು ಸಿಕ್ಕಿದ್ದು ಕಾರ್ಮಿಕಳಿಗೋ ಮಾಲೀಕನಿಗೋ ಎಂದು ಕೇಳಲೇಬೇಕಾಗುತ್ತದೆ. ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುವವರು ಈ ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ.

ಸರ್ಕಾರ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸುವಾಗಲೆಲ್ಲ ಬರೀ ಮೊತ್ತವನ್ನಲ್ಲ, ಅದರ ಹಿಂದಿನ ಬಾಬುವಾರು ಲೆಕ್ಕವನ್ನೂ ಪ್ರಕಟಿಸಲಿ: ಅಕ್ಕಿಗೆಷ್ಟು, ಔಷಧಿಗೆಷ್ಟು, ಪೀಣ್ಯದಲ್ಲಿ ಒಂದು ಕೋಣೆಗೆ ಎಷ್ಟು ಬಾಡಿಗೆ ಹಿಡಿದಿದ್ದೇವೆ ಎಂದು. ಅಷ್ಟಕ್ಕೆ ಆ ಕೋಣೆ ಸಿಗುವುದೇ ಎಂಬುದನ್ನು ಅಲ್ಲಿಯ ಬಾಡಿಗೆದಾರರೇ ಹೇಳುತ್ತಾರೆ.