ಹಸಿದವನಿಗೆ ಹುರುಪಿನ ಉಪದೇಶ

ಹೊರನಾಡಿನ ನಮ್ಮ ಸಂಘಗಳ ವೇದಿಕೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಪ್ರವಚನ ರೂಢಿಗೆ ಬಂದಿದೆ. ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ಕೆಲಸ ಸಿಗದೆ ಕಂಗೆಟ್ಟ ತರುಣರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ನೆಲೆ ಕಂಡ ಹಿರಿಯರು ಬೋಧಿಸುತ್ತಾರೆ: ಧೃತಿಗೆಡಬೇಡಿ, ಸದಾ ಧನಾತ್ಮಕವಾಗಿ ಚಿಂತಿಸಿ, ಕೆಲಸ ತಾನಾಗಿ ಒಲಿದು ಬರುತ್ತದೆ! ಚಪ್ಪಾಳೆಯಾಗುತ್ತದೆ, ಉಪಾಹಾರವಾಗುತ್ತದೆ. ಮರುದಿನ ಆ ತರುಣ ಅದೇ ಪ್ರಮಾಣಪತ್ರಗಳ ಕಡತ ಹಿಡಿದು ಅದೇ ಕಾರ್ಖಾನೆಯ ಬಾಗಿಲಿಗೆ ಹೋಗುತ್ತಾನೆ. ಈ ಉಪದೇಶದಿಂದ ಲಾಭವಿಲ್ಲದಿದ್ದರೂ ಹಾನಿಯಂತೂ ಇಲ್ಲವೆಂದು ನಾವು ನಂಬಿದ್ದೇವೆ. ಹಾನಿಯಿದೆ ಎಂಬುದೇ ಈ ಬರಹದ ವಾದ.

ಉತ್ಸಾಹವಿದ್ದವನಿಗೆ ಕೆಲಸ ಸಿಗುತ್ತದೆ ಎಂದರೆ, ಕೆಲಸ ಸಿಗದವನಲ್ಲಿ ಉತ್ಸಾಹವಿರಲಿಲ್ಲ ಎಂದು ಹೇಳಿದಂತಾಯಿತು. ಅಂದರೆ ನಿರುದ್ಯೋಗ ನಾಡಿನ ಅರ್ಥವ್ಯವಸ್ಥೆಯ ದೋಷವಲ್ಲ, ಅವನ ಮನಸ್ಸಿನ ದೋಷ! ಅಂಕಿಅಂಶಗಳು ಬೇರೆಯೇ ಕಥೆ ಹೇಳುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆಯೊಡನೆ 2024ರ ಮಾರ್ಚಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಭಾರತದ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 29.1, ಓದುಬರಹ ಬಾರದ ಯುವಜನರಲ್ಲಿ ಕೇವಲ ಶೇಕಡಾ 3.4. ಹೆಚ್ಚು ಓದಿದವರಲ್ಲಿಯೇ ನಿರುದ್ಯೋಗ ಹೆಚ್ಚು. ಓದಿದವರೆಲ್ಲ ಒಮ್ಮೆಲೇ ಮನೋಬಲ ಕಳೆದುಕೊಂಡರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆಯಿದು.

ನಮ್ಮ ಬಾರಾಮತಿಯನ್ನೇ ನೋಡೋಣ. ಕರ್ಹಾ ನದಿಯ ದಂಡೆಯ ಈ ಊರು ಹಿಂದುಳಿದ ಊರೇನಲ್ಲ. ತಾಲೂಕಿನಲ್ಲಿ ಮಾಳೆಗಾವ, ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ಔದ್ಯೋಗಿಕ ವಸಾಹತಿನಲ್ಲಿ ಪಿಯಾಜಿಯೊ, ಭಾರತ್ ಫೋರ್ಜ್‌ನಂಥ ಕಂಪನಿಗಳಿವೆ. 1972ರಲ್ಲಿ ಸ್ಥಾಪನೆಯಾದ ವಿದ್ಯಾ ಪ್ರತಿಷ್ಠಾನದ ಕಾಲೇಜುಗಳಿವೆ. ಇಂಥ ಊರಿನಲ್ಲಿಯೂ 2024ರ ಮಾರ್ಚ್ 2ರಂದು ಸರಕಾರವೇ 'ನಮೋ ಮಹಾರೋಜಗಾರ ಮೇಳಾವಾ' ಎಂಬ ಬೃಹತ್ ಉದ್ಯೋಗಮೇಳವನ್ನು ನಡೆಸಬೇಕಾಯಿತು. ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆ, ಅಂದಿನ ಉಪಮುಖ್ಯಮಂತ್ರಿಗಳಾದ ದೇವೇಂದ್ರ ಫಡಣವೀಸ, ಅಜಿತ ಪವಾರ, ಜೊತೆಗೆ ಶರದ ಪವಾರರು ಒಂದೇ ವೇದಿಕೆಯಲ್ಲಿದ್ದರು. ಲೋಕಸಭಾ ಚುನಾವಣೆ ಹತ್ತಿರವಿದ್ದುದರಿಂದ, ವೇದಿಕೆಯ ಮೇಲೆ ಯಾರ ಪಕ್ಕದಲ್ಲಿ ಯಾರು ಕುಳಿತರೆಂಬುದೇ ದೊಡ್ಡ ಸುದ್ದಿಯಾಯಿತು. ವೇದಿಕೆಯ ಕೆಳಗೆ ಕಡತ ಹಿಡಿದು ನಿಂತವರ ಸರದಿ ಏನಾಯಿತೆಂದು ಕೇಳಿದವರು ಕಡಿಮೆ.

ಆ ಸರದಿಯಲ್ಲಿ ನಿಲ್ಲುವ ಹೊರನಾಡ ಕನ್ನಡಿಗನಿಗೆ ಇನ್ನೊಂದು ಇಕ್ಕಟ್ಟಿದೆ. ಸ್ಥಳೀಯರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಬೇಕೆಂಬುದು ಮಹಾರಾಷ್ಟ್ರದಲ್ಲಿ 1968ರಿಂದ ನಡೆದುಬಂದ ಧೋರಣೆ. ಅತ್ತ ಕರ್ನಾಟಕದ ಸಚಿವಸಂಪುಟ 2024ರ ಜುಲೈನಲ್ಲಿ ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ವಿಧೇಯಕದಲ್ಲಿ 'ಸ್ಥಳೀಯ'ನೆಂದರೆ ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿ 15 ವರ್ಷ ವಾಸವಿದ್ದು, ಕನ್ನಡ ಬಲ್ಲವನು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯ ಮಾಸಿಕ 3,000 ರೂಪಾಯಿಯೂ ಅಲ್ಲಿನ ನಿವಾಸಿ ಪದವೀಧರರಿಗೇ ಮೀಸಲು. ಬಾರಾಮತಿಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವಾಡುವವನು ಅಲ್ಲಿ ಪರಕೀಯ, ಇಲ್ಲಿ ಹೆಸರು ಹೇಳಿದೊಡನೆ 'ನಿಮ್ಮ ಮೂಲ ಊರಾವುದು?' ಎಂಬ ಪ್ರಶ್ನೆಗೆ ಗುರಿ. ಅವನಿಗೆ ನಗುನಗುತ್ತಿರು ಎನ್ನುವುದು ಕ್ರೌರ್ಯವಲ್ಲದೆ ಮತ್ತೇನು?

ಹಾಗಾದರೆ ಆಶೆಯನ್ನೇ ಬಿಡಬೇಕೆ ಎಂದು ಕೇಳಬಹುದು. ಖಂಡಿತ ಬೇಡ. ಆಶೆ ಬೇಕು; ಆದರೆ ಅದು ಭಾಷಣದಿಂದ ಹುಟ್ಟುವುದಿಲ್ಲ. ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಹಳ್ಳಿಯಲ್ಲಿ ಬಟ್ಟೆಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾದಾಗ, ಮಾರೀ ಯಾಹೋಡಾ ಮತ್ತು ಸಂಗಡಿಗರು ಅಲ್ಲಿನ ಬದುಕನ್ನು ಅಭ್ಯಸಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಜನರಿಗೆ ಬಿಡುವು ಬೇಕಾದಷ್ಟಿತ್ತು; ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು, ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು. ಕೆಲಸ ಹೋದಾಗ ಸಂಬಳವಷ್ಟೇ ಹೋಗುವುದಿಲ್ಲ. ದಿನದ ಕ್ರಮ, ಜನರ ಸಹವಾಸ, ತನ್ನಿಂದ ಯಾರಿಗೋ ಪ್ರಯೋಜನವಿದೆಯೆಂಬ ಭಾವ, ಎಲ್ಲವೂ ಹೋಗುತ್ತವೆ. ಇವುಗಳನ್ನು ಒಬ್ಬಂಟಿ ಮನುಷ್ಯ ಕನ್ನಡಿಯ ಮುಂದೆ ನಿಂತು ಸೃಷ್ಟಿಸಿಕೊಳ್ಳಲಾರ. ನೆರೆಹೊರೆ ಕೊಡಬೇಕು, ಸಮಾಜ ಕೊಡಬೇಕು. ಸಂಘವೆಂಬುದು ಇರುವುದು ಮತ್ತೇತಕ್ಕೆ?

ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದವರು ಅಧಿವಾಸ ಪ್ರಮಾಣಪತ್ರ ಪಡೆಯಬಹುದು. ನಮ್ಮ ಎಷ್ಟು ಮನೆಗಳಲ್ಲಿ ಆ ಕಾಗದ ಸಿದ್ಧವಿದೆ? 1961ರ ಶಿಶಿಕ್ಷು ಕಾಯಿದೆಯು ತರಬೇತಿ ಕಾಲದಲ್ಲಿ ಭತ್ಯೆ ಕೊಡಿಸುತ್ತದೆಯೇ ಹೊರತು, ತರಬೇತಿ ಮುಗಿದೊಡನೆ ಅದೇ ಕಾರ್ಖಾನೆಯಲ್ಲಿ ನೌಕರಿಯ ಭರವಸೆ ಕೊಡುವುದಿಲ್ಲ. ಇದನ್ನು ಐಟಿಐ ಸೇರುವ ಹುಡುಗನಿಗೆ ಮೊದಲೇ ತಿಳಿಹೇಳಿದವರಾರು? ಕಾರ್ಖಾನೆಗಳಲ್ಲಿ ಮೇಲಿನ ಹುದ್ದೆಯಲ್ಲಿರುವ ಸದಸ್ಯರು ಖಾಲಿ ಜಾಗಗಳ ಸುದ್ದಿಯನ್ನು ವಾರಕ್ಕೊಮ್ಮೆ ಸಂಘಕ್ಕೆ ಮುಟ್ಟಿಸಲಿ. ಮರಾಠಿಯಲ್ಲಿ ಅರ್ಜಿ ಬರೆಯಲು ಬಲ್ಲವರು ಬಾರದವರಿಗೆ ಕಲಿಸಲಿ. ಪುಣೆಯ ಸಂದರ್ಶನಕ್ಕೆ ಹೋಗಿಬರುವ ಬಸ್ ಖರ್ಚಿಗೊಂದು ನಿಧಿಯಿರಲಿ. ಕೆಲಸವಿಲ್ಲದವನನ್ನು ಪ್ರೇಕ್ಷಕನನ್ನಾಗಿ ಕೂರಿಸದೆ, ಗ್ರಂಥಾಲಯದ ಹೊಣೆ, ಮಕ್ಕಳ ಕನ್ನಡ ತರಗತಿಯ ಹೊಣೆಯನ್ನು ಸಂಭಾವನೆ ಸಹಿತ ಅವನಿಗೆ ವಹಿಸಲಿ. ಹಾರತುರಾಯಿಗೆ ಹಣವಿರುವ ಸಂಘಕ್ಕೆ ಇದಕ್ಕೆ ಹಣವಿಲ್ಲವೆಂದರೆ ನಂಬುವವರಾರು?

ಬಸವಣ್ಣನವರ ನಾಡಿನವರೆಂದು ಹೆಮ್ಮೆಪಡುವ ನಾವು ಕಾಯಕದ ಮಹಿಮೆಯನ್ನು ಬಾಯಿತುಂಬ ಹೊಗಳುತ್ತೇವೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟಿದ್ದರೆಂಬುದನ್ನು ಮರೆಯುತ್ತೇವೆ. ಕಾಯಕ ದೊರೆತವನ ಮೇಲೆ ದೊರೆಯದವನ ಋಣವಿದೆ. ಆ ಋಣವನ್ನು ಸಲ್ಲಿಸದೆ, ಅವನಿಗೆ ಧೈರ್ಯ ಹೇಳುವ ಅಧಿಕಾರ ನಮಗಿಲ್ಲ.