ಅಳಿಯನ ಹಡಗು, ಗೋದಾವರಿಯ ದೋಣಿ

ತಾಂಡೂರಿನಲ್ಲಿ ನನ್ನದು ಕಲ್ಲು ಪಾಲಿಶ್ ಕೆಲಸ. ಉದ್ದ, ಅಗಲ, ದಪ್ಪ ಕೇಳದೆ ನಮ್ಮಲ್ಲಿ ವ್ಯಾಪಾರದ ಮಾತೇ ಏಳುವುದಿಲ್ಲ. ನಾರಾಯಣಖೇಡದ ಅಕ್ಕನ ಮಗ ಸಣ್ಣದೊಂದು ಕ್ರೂಸ್ ಹಡಗಿನ ಅಡುಗೆಮನೆ ಸೇರಿದಾಗಲೂ ನಾನು ಕೇಳಿದ್ದು ಅಳತೆಯನ್ನೇ. ಆತ ಹಡಗಿನ ಏಳಂಕಿಯ ಐಎಂಒ ನಂಬರ್ ಕಳಿಸಿದ. ಹಡಗಿನ ಹೆಸರು, ಮಾಲೀಕ, ಬಾವುಟ ಬದಲಾದರೂ ಈ ನಂಬರ್ ಬದಲಾಗುವುದಿಲ್ಲ. ಫೋನಿನಲ್ಲಿ ಒತ್ತಿದೆ, ಉದ್ದ, ಅಗಲ, ಕಟ್ಟಿದ ವರ್ಷ ಎಲ್ಲ ಬಂತು.

ಅದೇ ನಂಬರ್ ಒತ್ತಿದರೆ ಫೋನಿನ ನಕ್ಷೆಯಲ್ಲಿ ಹಡಗಿನ ಚುಕ್ಕೆಯೂ ಕಾಣುತ್ತದೆ; ಅಕ್ಕ ದಿನವೂ ಅದನ್ನೇ ನೋಡುತ್ತಿದ್ದಳು. ಒಂದು ರಾತ್ರಿ ಹನ್ನೊಂದಕ್ಕೆ ಅವಳ ಫೋನ್: "ತಮ್ಮಾ, ಹಡಗು ಸಂಜಿಯಿಂದ ಒಂದೇ ಕಡಿ ನಿಂತದಲ್ಲೋ!"

ನಿಂತದ್ದು ಹಡಗಲ್ಲ, ಸುದ್ದಿ. ಸಾಗುವ ಹಡಗಿನಲ್ಲಿರುವ ಎಐಎಸ್ ಎಂಬ ಯಂತ್ರ ಕೆಲವೇ ಸೆಕೆಂಡಿಗೊಮ್ಮೆ ಅದರ ಸ್ಥಳ, ವೇಗ, ದಿಕ್ಕನ್ನು ರೇಡಿಯೊದಲ್ಲಿ ಕೂಗುತ್ತಿರುತ್ತದೆ. ದಡದ ಆಂಟೆನಾಗೆ ಅದು ಕೇಳುವುದು ಸುಮಾರು 40 ನಾಟಿಕಲ್ ಮೈಲಿವರೆಗೆ. ಅದರಾಚೆ ಉಪಗ್ರಹ ಕೇಳಿಸಿಕೊಳ್ಳಬೇಕು. ಆ ಸುದ್ದಿಗೆ ದುಡ್ಡು. ಬಿಟ್ಟಿ ನಕ್ಷೆ ಹಳೆಯ ಚುಕ್ಕೆಯನ್ನೇ ತೋರಿಸುತ್ತ ಕೂರುತ್ತದೆ. ಮುಂದಿನ ಬಂದರು ಯಾವುದು, ಹಡಗು ನೀರಿನೊಳಗೆ ಎಷ್ಟು ಇಳಿದಿದೆ ಎಂಬುದನ್ನಂತೂ ಸಿಬ್ಬಂದಿಯೇ ಕೈಯಾರೆ ತುಂಬಬೇಕು. ಮರೆತರೆ ಹೋದ ವಾರದ ಊರೇ ಉಳಿಯಿತು.

ನೀರಿಗಿಳಿದ ಆಳ ನದಿಯಲ್ಲಿ ಬಲು ಮುಖ್ಯ. 62 ಮೀಟರ್ ಉದ್ದದ ನದಿ ಕ್ರೂಸ್ ಹಡಗು ಗಂಗಾ ವಿಲಾಸ್ ಇಳಿಯುವುದು 1.4 ಮೀಟರ್ ಮಾತ್ರ. ಆದರೂ 2023ರ ಜನವರಿಯಲ್ಲಿ ಬಿಹಾರದ ಛಪ್ರಾ ಬಳಿ ನಡುನೀರಿನಲ್ಲಿ ನಿಂತಾಗ, ಸಿಕ್ಕಿಬಿತ್ತೆಂದು ಗುಲ್ಲೆದ್ದಿತು. ಲಂಗರು ಹಾಕಿ, ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ಚಿರಾಂದ್‌ನ ಪುರಾತತ್ವ ತಾಣ ನೋಡಲು ಕಳಿಸಿದ್ದು ಅಂತ ಅಧಿಕಾರಿಗಳು ಆಮೇಲೆ ಹೇಳಬೇಕಾಯಿತು.

ವಿದೇಶಕ್ಕೆ ಹೋಗಿಬರುವ ಪ್ರಯಾಣಿಕ ಹಡಗಿಗೆ, ಅದೆಷ್ಟೇ ಚಿಕ್ಕದಿರಲಿ, 2004ರ ಕೊನೆಯ ಹೊತ್ತಿಗೇ ಎಐಎಸ್ ಯಂತ್ರ ಕಡ್ಡಾಯವಾಯಿತು. ನಮ್ಮಂಥವರು ಹತ್ತುವ ನದಿಯ ದೋಣಿಗೆ? 2019ರ ಸೆಪ್ಟೆಂಬರ್ 15ರಂದು ಆಂಧ್ರದ ಪಾಪಿಕೊಂಡಲು ಬೆಟ್ಟ ನೋಡಹೊರಟ ದೋಣಿ ಗೋದಾವರಿಯ ಕಚ್ಚುಲೂರು ಬಳಿ ಮುಳುಗಿತು. ನಮ್ಮ ತೆಲಂಗಾಣದವರೂ ಅದರಲ್ಲಿದ್ದರು. ದೋಣಿಯಲ್ಲಿ ಎಷ್ಟು ಜನ ಇದ್ದರೆಂಬ ಲೆಕ್ಕ ಮೊದಲ ದಿನಗಳಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಮುಳುಗಿದ ದೋಣಿಯನ್ನು ಮೇಲೆತ್ತಿದ್ದು ಅಕ್ಟೋಬರ್ 22ಕ್ಕೆ.

2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು, ನೋಂದಣಿಯೂ ಇದೆ. ಆದರೆ ಕಚೇರಿಯ ಕಡತದಲ್ಲಿರುವ ಅಳತೆ ಹತ್ತುವವನಿಗೆ ಏನು ಪ್ರಯೋಜನ? ಟಿಕೆಟ್ ಕೊಡುವ ಕಿಟಕಿಯ ಪಕ್ಕ ದೋಣಿಯ ನಂಬರ್, ಉದ್ದ, ಎಷ್ಟು ಜನಕ್ಕೆ ಅನುಮತಿ, ಈಗ ಎಷ್ಟು ಜನ ಹತ್ತಿದ್ದಾರೆ ಎಂದು ಬರೆದು ತೂಗುಹಾಕಲಿ. ಹೊಸ ಬಸ್ಸುಗಳಿಗೆ ಜಾಡು ಹಿಡಿಯುವ ಯಂತ್ರ ಕಡ್ಡಾಯ ಮಾಡಿದ ಸರ್ಕಾರಕ್ಕೆ ದೋಣಿಗೊಂದು ಹಾಕಿಸುವುದು ಭಾರವೇ?

ರಜೆಗೆಂದು ಜಹೀರಾಬಾದಿನಲ್ಲಿ ರೈಲಿಳಿದು ಬಂದ ಅಳಿಯ, ಎಲ್ಲರೂ ಪಾಪಿಕೊಂಡಲಿಗೆ ಹೋಗೋಣ ಎಂದ.

"ಮೊದಲ ದೋಣಿ ನಂಬರ್ ಕೇಳ್ಕೊಂಡು ಬಾ," ಅಂದಳು ಅಕ್ಕ.